ಕಣ್ಣು ಕಾಣದವರ ಒರಿಗಾಮಿಗೆ ಜಪಾನಿನ ಹಾಳೆ ಬೇಕಿಲ್ಲ: ಒಂದು ಸ್ಪಷ್ಟನೆ

ಕಾಸರಗೋಡಿನ ಬದಿಯಡ್ಕ, ಕುಂಬಳೆ ಕಡೆಯ ವಾಟ್ಸ್ಯಾಪ್ ಗುಂಪುಗಳಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ. ಕಣ್ಣು ಕಾಣದವರಿಗೆ ಒರಿಗಾಮಿ, ಅಂದರೆ ಕಾಗದ ಮಡಚಿ ಆಕೃತಿ ಮಾಡುವ ಕಲೆ, ಕಲಿಸಬೇಕಾದರೆ ಬ್ರೈಲ್ ಚುಕ್ಕಿ ಇರುವ ವಿಶೇಷ ಹಾಳೆಯನ್ನು ಜಪಾನಿನಿಂದ ತರಿಸಲೇಬೇಕಂತೆ. ಇದು ಸರಿಯಲ್ಲ.

ಬ್ರೈಲ್ ಇರುವುದು ಓದಲು. ಮಡಚಲು ಬೇಕಾದದ್ದು ಮಡಿಕೆಯ ಗೆರೆ ಚೆನ್ನಾಗಿ ಕೂರುವ ಕಾಗದ, ಅಷ್ಟೇ. ಮಾಮೂಲಿ ಎ4 ಹಾಳೆಯಿಂದ 21 ಸೆಂ.ಮೀ. ಚೌಕ ಸಿಗುತ್ತದೆ. ಅಂಗಡಿಯ 15 ಸೆಂ.ಮೀ. ಒರಿಗಾಮಿ ಹಾಳೆಗಿಂತ ಹೊಸಬರ ಕೈಗೆ ಇದೇ ಒಳ್ಳೆಯದು. ಒಳಗೆ ಯಾವುದು, ಹೊರಗೆ ಯಾವುದು ಗೊತ್ತಾಗಬೇಕಾ? ಒಂದು ಬದಿ ನುಣುಪಾಗಿರುವ ಗಿಫ್ಟ್ ಪೇಪರ್ ಕೊಡಿ. ಬಣ್ಣ ನೋಡಿ ಬದಿ ಗುರುತಿಸುವ ಕೆಲಸವನ್ನು ಬೆರಳೇ ಮಾಡುತ್ತದೆ.

ನಿಜವಾದ ತೊಂದರೆ ನಮ್ಮ ಮಾತಿನಲ್ಲಿದೆ. ‘ಇಲ್ಲಿಂದ ಹೀಗೆ ಮಡಚಿ’ ಅಂದರೆ ಏನು ಅರ್ಥವಾಗಬೇಕು, ಹೇಳಿ! ‘ನಿಮ್ಮ ಹೊಟ್ಟೆಯ ಕಡೆಯ ಮೂಲೆಯನ್ನು ಎದುರಿನ ಮೂಲೆಗೆ ಕೂಡಿಸಿ’ ಅನ್ನಬೇಕು. ಎರಡು ಮೂಲೆ ಕೂಡಿದ ಜಾಗವನ್ನು ಒಂದು ಕೈಯಲ್ಲಿ ಒತ್ತಿ ಹಿಡಿಯಬೇಕು. ಇನ್ನೊಂದು ಕೈಯ ಹೆಬ್ಬೆರಳ ಉಗುರನ್ನು ಮಡಿಕೆಯ ನಡುವಿನಿಂದ ಎರಡೂ ತುದಿಗೆ ಎಳೆಯಬೇಕು. ಗೆರೆ ಬೆರಳಿಗೆ ಸಿಗುತ್ತದೆ. ಮುಂದಿನ ಮಡಿಕೆಗೆ ಅದೇ ಗುರುತು. ಅಡಿಕೆ ಹಾಳೆಯಿಂದ ಮುಟ್ಟಾಳೆ (ಟೊಪ್ಪಿ) ಮಡಚುವ ನಮ್ಮ ಅಜ್ಜಂದಿರು ಕೈಯನ್ನೇ ನೋಡಿಕೊಂಡು ಕೂರುತ್ತಿದ್ದರಾ? ಮಾತು ಒಂದು ಕಡೆ, ಕೈ ಒಂದು ಕಡೆ, ಅಲ್ವಾ.

ಜಪಾನಿನ ಹೆಸರು ಎತ್ತಿದ್ದಕ್ಕೆ ಇದೂ ಹೇಳಿಬಿಡುತ್ತೇನೆ: ಅಲ್ಲಿನ ಸಬುರೊ ಕಾಸೆ ಸ್ವತಃ ಕಣ್ಣು ಕಾಣದವರು, ಹಲವು ದೇಶ ಸುತ್ತಿ ಒರಿಗಾಮಿ ಕಲಿಸಿದವರು.

ಅಲ್ಪಸ್ವಲ್ಪ ದೃಷ್ಟಿ ಇರುವವರಿಗೆ ಮಾತ್ರ ಎರಡು ಬದಿಗೂ ಎದ್ದು ಕಾಣುವ ಬೇರೆ ಬೇರೆ ಬಣ್ಣ ಇದ್ದರೆ ಅನುಕೂಲ. ಅದೂ ಪೇಟೆಯ ಸ್ಟೇಷನರಿ ಅಂಗಡಿಯಲ್ಲೇ ಸಿಗುತ್ತದೆ.