ಮನೆಮಂದಿಯೆಲ್ಲ ಕೂತು ನೋಡಬಹುದಾದ ಚಿತ್ರ

ಶಿವಮೊಗ್ಗದಿಂದ ಅತ್ತೆ, ಮಾವ ಬಂದಿದ್ದರು. ಶನಿವಾರ ರಾತ್ರಿ ಊಟವಾದ ಮೇಲೆ ಹೆಂಡತಿ, ‘ನಾಳೆ ಎಲ್ಲರೂ ಒಟ್ಟಿಗೆ ಕೂತು ನೋಡುವಂಥ ಸಿನಿಮಾ ಒಂದನ್ನು ಹುಡುಕಿಡಿ’ ಎಂದಳು. ಎಲ್ಲರೂ ಎಂದರೆ ಏಳು ವರ್ಷದ ಮಗಳಿಂದ ಹಿಡಿದು ಎಪ್ಪತ್ತೆಂಟರ ಮಾವನವರೆಗೆ. 1952ರ ಕಾಯ್ದೆ ಬಂದಾಗಿನಿಂದ ನಮ್ಮ ಸೆನ್ಸಾರ್ ಮಂಡಳಿ ಸಿನಿಮಾಗಳನ್ನು ಜರಡಿ ಹಿಡಿಯುತ್ತಲೇ ಇದೆ. ಎಲ್ಲರಿಗೂ ಸಲ್ಲುವ ‘ಯು’, ದೊಡ್ಡವರಿಗಷ್ಟೇ ಎಂಬ ‘ಎ’ಗಳ ನಡುವೆ, ಮಕ್ಕಳು ಹೆತ್ತವರ ಮಾರ್ಗದರ್ಶನದಲ್ಲಿ ನೋಡಬಹುದು ಎಂಬ ‘ಯುಎ’ 1983ರಲ್ಲಿ ಬಂತು. 2023ರ ತಿದ್ದುಪಡಿ ಅದನ್ನೂ ವಯಸ್ಸಿನ ಲೆಕ್ಕದಲ್ಲಿ 7, 13, 16 ಎಂದು ಮೂರು ಹೋಳು ಮಾಡಿತು. ಆದರೆ ‘ಮಾವನವರ ಪಕ್ಕದಲ್ಲಿ ಕೂತು ನೋಡಬಹುದು’ ಎಂಬ ಪ್ರಮಾಣಪತ್ರವನ್ನು ಯಾರೂ ಕೊಡುತ್ತಿಲ್ಲ.

ಮಗಳಿಗೆ ರಾಜಕುಮಾರಿ ಬೇಕು, ಹೆಂಡತಿಗೆ ಪ್ರೇಮ ಬೇಕು, ನನಗೆ ನಗು ಬೇಕು. ಮೂರೂ ಇರುವ ಚಿತ್ರವೆಂದು 2007ರ ಡಿಸ್ನಿ ಚಿತ್ರ ‘ಎನ್‌ಚಾಂಟೆಡ್’ ಅನ್ನು ಆರಿಸಿದೆ. ಬೊಂಬೆಚಿತ್ರದ ಲೋಕದಲ್ಲಿ ಅಳಿಲಿನಂಥ ಪ್ರಾಣಿಯೊಡನೆ ಹರಟುತ್ತಿದ್ದ ಜಿಸೆಲ್ ಎಂಬ ಹುಡುಗಿಯನ್ನು ಆಕೆ ಮದುವೆಯಾಗಲಿರುವ ರಾಜಕುಮಾರನ ಮಲತಾಯಿ ಬಾವಿಗೆ ನೂಕುತ್ತಾಳೆ. ಅವಳು ನ್ಯೂಯಾರ್ಕಿನ ನಡುಬೀದಿಯ ಮ್ಯಾನ್‌ಹೋಲಿನಿಂದ ನಿಜವಾದ ಮನುಷ್ಯಳಾಗಿ ಮೇಲೆ ಬರುತ್ತಾಳೆ. ಅಮೆರಿಕದಲ್ಲಿ ಇದಕ್ಕೆ ಕೊಟ್ಟ ದರ್ಜೆ ‘ಪಿಜಿ’, ಅಂದರೆ ಹೆತ್ತವರ ಮಾರ್ಗದರ್ಶನ ಬೇಕು ಎಂದು. ಬೆಂಗಳೂರಿನಲ್ಲಿ ಪಿಜಿ ಎಂದರೆ ಬಾಡಿಗೆ ಮಂಚ ಮತ್ತು ನೀರು ಸಾರು. ಯಾವ ಅರ್ಥದಲ್ಲಿ ತೆಗೆದುಕೊಂಡರೂ ಎಚ್ಚರ ಬೇಕಾದದ್ದೇ.

ಆದ್ದರಿಂದ ಆ ರಾತ್ರಿಯೇ ನಾನೊಬ್ಬನೇ ಕೂತು ಸಿನಿಮಾ ಪರಿಶೀಲಿಸಲು ನಿರ್ಧರಿಸಿದೆ. ಕೆಲಸದವಳು ರಜೆ ಹಾಕಿದ್ದಳು, ಪಾತ್ರೆ ತೊಳೆಯುವ ಸರದಿ ನನ್ನದಾಗಿತ್ತು ಎಂಬುದು ಬೇರೆ ವಿಷಯ. ‘ಸೆನ್ಸಾರ್ ಕೆಲಸ ಇದೆ’ ಎಂದೆ. ಹೆಂಡತಿ ಏನೂ ಮಾತನಾಡದೆ ಸಿಂಕಿನ ಕಡೆ ಹೋದಳು. ನಲ್ಲಿ ಮಾತ್ರ ಸ್ವಲ್ಪ ಜೋರಾಗಿಯೇ ಸುರಿಯಿತು.

ಕರೆಂಟ್ ಬಿಲ್ಲಿನ ಬೆನ್ನಿಗೆ ಆಕ್ಷೇಪಗಳ ಪಟ್ಟಿ ಬರೆದೆ. ವಿಷದ ಸೇಬು: ಪರವಾಗಿಲ್ಲ, ಮಗಳಿಗೆ ಕಥೆ ಗೊತ್ತು. ರಾಣಿ ಘಟಸರ್ಪವಾಗುವುದು: ಪರವಾಗಿಲ್ಲ, ಅತ್ತೆ ಯಕ್ಷಗಾನದಲ್ಲಿ ಇದಕ್ಕಿಂತ ಭಯಂಕರವಾದುದನ್ನು ನೋಡಿದ್ದಾರೆ. ನಾಯಕ ವಿಚ್ಛೇದನದ ವಕೀಲ: ಮಾತು ಮರೆಸುವುದು. ಕೊನೆಯ ಮುತ್ತು: ಕಾಫಿಯ ನೆಪದಲ್ಲಿ ಎಬ್ಬಿಸುವುದು. ಎಲ್ಲಕ್ಕಿಂತ ಅಪಾಯದ್ದು ಸ್ನಾನದ ಮನೆಯ ದೃಶ್ಯ. ಪಾರಿವಾಳಗಳು ತಂದುಕೊಟ್ಟ ಟವೆಲನ್ನು ಸುತ್ತಿಕೊಂಡು ಜಿಸೆಲ್ ಹೊರಬರುತ್ತಾಳೆ, ನಾಯಕ ಕಾಲು ಜಾರಿ ಬೀಳುತ್ತಾನೆ, ಅವನ ಮೇಲೆ ಇವಳು. ಅಷ್ಟರಲ್ಲಿ ಅವನ ಗೆಳತಿ ಬಾಗಿಲು ತೆರೆದು ಬರುತ್ತಾಳೆ. ಇದರ ಕೆಳಗೆ ಎರಡು ಗೆರೆ ಎಳೆದೆ. ಅದಕ್ಕೂ ಮುಂಚೆ ಆಕೆ ಕಿಟಕಿಯ ಬಳಿ ಹಾಡಿ ಊರಿನ ಇಲಿ, ಪಾರಿವಾಳ, ಜಿರಲೆಗಳನ್ನೆಲ್ಲ ಕರೆದು ಮನೆ ಗುಡಿಸಿ ಪಾತ್ರೆ ತೊಳೆಸುವ ದೃಶ್ಯವಿತ್ತು. ‘ಮುದ್ದಾಗಿದೆ, ಯು’ ಎಂದು ಬರೆದೆ.

ಭಾನುವಾರ ಮಧ್ಯಾಹ್ನ ಎಲ್ಲರೂ ಕೂತರು. ಅತ್ತೆಗೆ ಇಂಗ್ಲಿಷ್ ಅಷ್ಟಾಗಿ ಬಾರದು. ಅನುವಾದದ ಹೊಣೆ ಹೊತ್ತ ನಾನು, ಕತ್ತರಿಯನ್ನು ನಾಲಗೆಯಲ್ಲೇ ಇಟ್ಟುಕೊಂಡೆ.

‘ನಾಯಕ ಹೇಳುತ್ತಿರುವ ಆ ಹುಡುಗಿ ಯಾರು?’ ಎಂದು ಅತ್ತೆ ಕೇಳಿದರು.

‘ಅವನ ಪರಿಚಯದವರು, ಅತ್ತೆ.’

‘ಎಷ್ಟು ದಿನದ ಪರಿಚಯ?’

‘ಐದು ವರ್ಷ.’

‘ಐದು ವರ್ಷ ಜೊತೆಯಲ್ಲಿ ಓಡಾಡಿ ಇನ್ನೂ ಮದುವೆಯ ಮಾತೆತ್ತಿಲ್ಲವೇ? ಪರಿಚಯವಂತೆ, ಪರಿಚಯ!’ ಎಂದು ಅತ್ತೆ ನನ್ನನ್ನೇ ದುರುಗುಟ್ಟಿದರು.

ಎರಡು ಗೆರೆಯ ದೃಶ್ಯ ಹತ್ತಿರ ಬಂತು. ರಿಮೋಟ್ ಕೈಯಲ್ಲೇ ಇತ್ತು. ನಮ್ಮ ಬಾಲ್ಯದಲ್ಲಿ ದೂರದರ್ಶನದ ಸಿನಿಮಾದಲ್ಲಿ ಇಂಥ ಗಳಿಗೆ ಬಂದರೆ ಎರಡು ಹೂವುಗಳು ತಲೆ ತಾಗಿಸುತ್ತಿದ್ದವು, ಇಲ್ಲವೇ ಅಪ್ಪ ‘ನಲ್ಲಿಯಲ್ಲಿ ನೀರು ಬಂತೇನೋ ನೋಡು’ ಎನ್ನುತ್ತಿದ್ದರು. ನನಗೆ ಅಂಥ ಅನುಕೂಲವಿರಲಿಲ್ಲ. ಮುಂದಕ್ಕೆ ಓಡಿಸುವ ಗುಂಡಿ ಎಂದುಕೊಂಡು ಒತ್ತಿದೆ. ನಾಯಕನ ಮೇಲೆ ಟವೆಲಿನ ಜಿಸೆಲ್ ಬಿದ್ದಿದ್ದಲ್ಲಿಯೇ ಚಿತ್ರ ನಿಂತಿತು. ಗಾಬರಿಯಲ್ಲಿ ಇನ್ನೆರಡು ಗುಂಡಿ ಒತ್ತಿದೆ. ಚಿತ್ರದ ನಡುವೆ ಸಣ್ಣ ಚಕ್ರವೊಂದು ತಿರುಗತೊಡಗಿತು. ಇಂಟರ್‌ನೆಟ್ ಅದೇ ಮುಹೂರ್ತಕ್ಕೆ ಕಾದಿತ್ತು. ನಲವತ್ಮೂರು ಅಂಗುಲದ ಪರದೆಯ ತುಂಬ ಅವರಿಬ್ಬರೇ.

ಯಾರೂ ಮಾತನಾಡಲಿಲ್ಲ. ನಿವೃತ್ತ ಗಣಿತ ಮೇಷ್ಟ್ರಾದ ಮಾವ ನಿಧಾನವಾಗಿ ಎದ್ದರು. ಕೋಣೆಗೆ ಹೋಗುತ್ತಾರೆ, ನಾಳೆಯೇ ಬಸ್ ಹತ್ತುತ್ತಾರೆ ಎಂದುಕೊಂಡೆ. ಅವರು ಟೀವಿಯ ಹತ್ತಿರ ಹೋಗಿ, ಊರುಗೋಲಿನ ತುದಿಯನ್ನು ನಾಯಕನ ಸೊಂಟಕ್ಕೆ ಸರಿಯಾಗಿ ಇಟ್ಟರು.

‘ನೋಡಿ ಅಳಿಯಂದಿರೇ, ಇಲ್ಲಿ. ನಾನು ಬಚ್ಚಲಿನಲ್ಲಿ ಬಿದ್ದಾಗ ಪೆಟ್ಟಾದದ್ದು ಇದೇ ಜಾಗಕ್ಕೆ. ಇವನಿಗಾದರೋ ಮೇಲೆ ಭಾರ ಬೇರೆ.’

ಅಲ್ಲಿಂದ ಹತ್ತು ನಿಮಿಷ ಸೊಂಟದ ಪಾಠ ನಡೆಯಿತು. ಎಕ್ಸ್‌ರೇ, ಎಣ್ಣೆ, ಪಟ್ಟಿ, ಒದ್ದೆ ನೆಲ, ಸೋಪಿನ ಚೂರು. ಊರುಗೋಲು ಪರದೆಯ ಮೇಲೆ ಭೂಪಟದಂತೆ ಓಡಾಡಿತು. ‘ನೆಲ ಒರೆಸಿದ ಮೇಲೆ ಒಂದು ಮಾತು ಹೇಳಬಾರದಿತ್ತೇ ಆ ಹುಡುಗಿ?’ ಎಂದು ಅತ್ತೆ ಮರುಗಿದರು. ಬೆವರಿದವನು ನಾನೊಬ್ಬನೇ.

ಉಳಿದದ್ದು ಸಲೀಸಾಗಿ ಮುಗಿಯಿತು. ಕೊನೆಯ ಮುತ್ತಿನ ಹೊತ್ತಿಗೆ ‘ಕಾಫಿ’ ಎಂದೆ. ‘ಸುಮ್ಮನಿರಿ, ಅವಳು ಬದುಕುತ್ತಾಳೋ ಇಲ್ಲವೋ ನೋಡೋಣ’ ಎಂದು ಅತ್ತೆ ಗದರಿದರು. ಕೈಬಿಟ್ಟು ಹೋದ ಆ ಐದು ವರ್ಷದ ಗೆಳತಿಗೆ ರಾಜಕುಮಾರನೇ ಗಂಡನಾದಾಗ, ಅವರ ಮುಖದಲ್ಲಿ ಸ್ವಂತ ಮೊಮ್ಮಗಳ ಸಂಬಂಧ ಕುದುರಿದಷ್ಟು ನೆಮ್ಮದಿ. ಕರೆಂಟ್ ಬಿಲ್ಲನ್ನು ಮಡಚಿ ಜೇಬಿಗೆ ಹಾಕಿಕೊಂಡೆ.

ಸೋಮವಾರ ಬೆಳಗಿನ ಆರು ಗಂಟೆಗೆ ಅಡುಗೆಮನೆಯಿಂದ ಹೆಂಡತಿಯ ಕೂಗು. ಓಡಿದೆ. ಕಿಟಕಿ ಹಾರುಹೊಡೆದಿತ್ತು. ಸಿಂಕಿನ ರಾಶಿಯ ಸುತ್ತ ಬೆಲ್ಲದ ಚೂರು, ಅರ್ಧ ರವೆ ಉಂಡೆ. ದೀಪ ಹಾಕಿದ್ದೇ ತಡ, ಕುಕ್ಕರಿನ ಗ್ಯಾಸ್ಕೆಟ್ಟಿನ ಕೆಳಗಿನಿಂದ ಏಳೆಂಟು ಜಿರಲೆಗಳು ನಾಲ್ಕೂ ದಿಕ್ಕಿಗೆ ಚದುರಿದವು. ಒಂದು ಕಾಫಿ ಫಿಲ್ಟರಿನ ಮುಚ್ಚಳದ ಮೇಲೆ ನಿಂತು ಮೀಸೆ ಅಲ್ಲಾಡಿಸಿತು. ಮಾವ ಬಲಗಾಲಿನ ಚಪ್ಪಲಿಯನ್ನು ಎಡಗೈಯಲ್ಲಿ ಹಿಡಿದು ಬಂದರು.

ಬಾಗಿಲಲ್ಲಿ ಕಣ್ಣುಜ್ಜುತ್ತ ಮಗಳು ನಿಂತಿದ್ದಳು. ರಾತ್ರಿ ಎಲ್ಲರೂ ಮಲಗಿದ ಮೇಲೆ ಎದ್ದು ಬಂದು, ಕಿಟಕಿ ತೆರೆದು, ಎರಡು ಸಲ ಹಾಡಿದಳಂತೆ.

‘ಅಮ್ಮ, ಎಲ್ಲ ಸುಳ್ಳು’ ಎಂದಳು ಅಳುಮೋರೆ ಮಾಡಿಕೊಂಡು. ‘ಬಂದವು, ಹೊಟ್ಟೆ ತುಂಬ ತಿಂದವು, ಒಂದು ಲೋಟವನ್ನೂ ತೊಳೆಯದೆ ಹೋದವು.’

ಹೆಂಡತಿ ಪೊರಕೆ ಹಿಡಿದಿದ್ದಳು. ಯಾಕೋ ನನ್ನ ಕಡೆ ನೋಡಿದಳು.