ಸತ್ಯಾಂಶ: ದೇಶದ ಪರ ಅತಿ ಹೆಚ್ಚು ಗೋಲ್ ಹೊಡ್ದಿರೋದು ರೊನಾಲ್ಡೊ ಅಲ್ಲ

"ಫುಟ್‌ಬಾಲ್ ಇತಿಹಾಸದಲ್ಲೇ ದೇಶದ ಪರ ಅತಿ ಹೆಚ್ಚು ಗೋಲ್ ರೊನಾಲ್ಡೊದು" ಅಂತ ಒಂದು ಫಾರ್ವರ್ಡ್ ವಾಟ್ಸಾಪ್‌ನಲ್ಲಿ ಸುತ್ತಾಡ್ತಾನೇ ಇರುತ್ತೆ, ಕೆಳಗೆ ಮೆಸ್ಸಿ, ನಮ್ ಸುನಿಲ್ ಛೆಟ್ರಿ ಹೆಸರೂ ಇರುತ್ತೆ. ಪಟ್ಟಿ ಸುಳ್ಳೇನಲ್ಲ, ಆದ್ರೆ ಅದು ಬರೀ ಗಂಡಸರ ಪಟ್ಟಿ. ಎಲ್ಲರನ್ನೂ ಸೇರ್ಸಿ ನೋಡಿದ್ರೆ ಮೇಲಿರೋದು ಕೆನಡಾದ ಕ್ರಿಸ್ಟೀನ್ ಸಿಂಕ್ಲೇರ್, 331 ಮ್ಯಾಚ್‌ಗೆ 190 ಗೋಲ್.

2000ದಲ್ಲಿ 16 ವರ್ಷದ ಹುಡುಗಿಯಾಗಿ ಟೀಮ್‌ಗೆ ಬಂದು 2023ರ ಡಿಸೆಂಬರ್ ತನಕ ಆಡಿದ್ರು. ಅಮೆರಿಕದ ಆ್ಯಬಿ ವಾಂಬಾಕ್ ಅವರ 184 ಗೋಲ್ ರೆಕಾರ್ಡ್ ಮುರಿದಿದ್ದು 2020ರ ಜನವರಿಲಿ.

"ಅಯ್ಯೋ ಸಣ್ಣಪುಟ್ಟ ಟೀಮ್ ಮೇಲೆ ಹೊಡ್ದಿರ್ತಾರೆ ಬಿಡಿ" ಅಂತಾರೆ ಕೆಲವರು. ಹೌದು, ರೆಕಾರ್ಡ್ ಗೋಲ್ ಬಂದಿದ್ದೇ ಸೇಂಟ್ ಕಿಟ್ಸ್ ಮೇಲೆ, ಗಂಡಸರ ಲೆಕ್ಕದಲ್ಲೂ ಅಂಥವು ಬೇಕಾದಷ್ಟಿವೆ. ಆದ್ರೆ 2012ರ ಲಂಡನ್ ಒಲಿಂಪಿಕ್ಸ್ ಸೆಮಿಫೈನಲ್ ನೋಡಿ, ಓಲ್ಡ್ ಟ್ರಾಫರ್ಡ್‌ನಲ್ಲಿ ಎದುರಿಗೆ ಅಮೆರಿಕ, ಈಯಮ್ಮ ಒಬ್ಬರೇ ಮೂರು ಸಲ ಲೀಡ್ ಕೊಟ್ರು, ಅದ್ರಲ್ಲಿ ಎರಡು ಹೆಡರ್, ಅಮೆರಿಕದವರು ಮೂರೂ ಸಲ ಸಮ ಮಾಡ್ಕೊಂಡು ಎಕ್ಸ್‌ಟ್ರಾ ಟೈಮ್‌ನ ಕೊನೇಲಿ 4-3 ಗೆದ್ದುಬಿಟ್ರು. ಹ್ಯಾಟ್ರಿಕ್ ಹೊಡ್ದೂ ಸೋಲೋದು ಅಂದ್ರೆ ಎಂಥಾ ಹೊಟ್ಟೆಉರಿ! ಆಮೇಲೆ ಕಂಚು ಬಂತು, ಚಿನ್ನ ಸಿಕ್ಕಿದ್ದು 2021ರಲ್ಲಿ ಟೋಕಿಯೋದಲ್ಲಿ.

ಕ್ಲಬ್ ಕಡೆ ಪೋರ್ಟ್‌ಲ್ಯಾಂಡ್ ಥಾರ್ನ್ಸ್ ಜೊತೆ 2013, 2017, 2022ರಲ್ಲಿ ಲೀಗ್ ಟೈಟಲ್, 2024ಕ್ಕೆ ಪೂರ್ತಿ ರಿಟೈರ್. ಆ ಫಾರ್ವರ್ಡ್ ಮತ್ತೆ ಬಂದ್ರೆ "ಪುರುಷರ ಫುಟ್‌ಬಾಲ್‌ನಲ್ಲಿ" ಅಂತ ಒಂದು ಪದ ಸೇರ್ಸಿ ಕಳ್ಸಿ, ಸರಿಹೋಗುತ್ತೆ.