ಬಾವುಟದ ಆರ್ಡರ್ ಬೆಂಗೇರಿಗೇ ಬರಲಿ
ಸರ್ಕಾರ ಗುತ್ತಿಗೆ ಕೊಟ್ಟರೆ ಊರವರಿಗೆ ಕೆಲಸ ಸಿಗುತ್ತದೆ ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಅದು ಎಂಥ ಆರ್ಡರ್, ಯಾರಿಗೆ ಕೊಟ್ಟರು ಅನ್ನೋದರ ಮೇಲೆ ನಿಂತಿದೆ ಅಲ್ವಾ? ಹುಬ್ಬಳ್ಳಿಯ ಬೆಂಗೇರಿ ಖಾದಿ ಕೇಂದ್ರವನ್ನೇ ನೋಡಿ. ಬಿಐಎಸ್ (ವಸ್ತುಗಳ ಗುಣಮಟ್ಟ ನೋಡುವ ಕೇಂದ್ರದ ಸಂಸ್ಥೆ) ಮಾನ್ಯತೆಯ ಖಾದಿ ರಾಷ್ಟ್ರಧ್ವಜ ಇಲ್ಲಿ ತಯಾರಾಗುತ್ತದೆ. ಬಾಗಲಕೋಟೆ ಕಡೆ ನೂಲು ತೆಗೆದು ಬಟ್ಟೆ ನೇಯುತ್ತಾರೆ, ಬೆಂಗೇರಿಯಲ್ಲಿ ಬಣ್ಣ ಹಾಕಿ, 24 ಗೆರೆಗಳ ಅಶೋಕ ಚಕ್ರ ಬಟ್ಟೆಯ ಎರಡೂ ಬದಿಗೆ ಒಂದೇ ಜಾಗದಲ್ಲಿ ಕೂರುವ ಹಾಗೆ ಅಚ್ಚು ಹಾಕಿ, ಹೊಲಿಯುತ್ತಾರೆ. ಇಷ್ಟೆಲ್ಲ ಮಾಡುವವರಲ್ಲಿ ಹೆಂಗಸರೇ ಜಾಸ್ತಿ.

2021ರ ಡಿಸೆಂಬರ್‌ನಲ್ಲಿ ಕೇಂದ್ರದವರು ಧ್ವಜ ಸಂಹಿತೆ, ಅಂದ್ರೆ ಬಾವುಟದ ನಿಯಮ ತಿದ್ದಿ ಪಾಲಿಯೆಸ್ಟರ್, ಯಂತ್ರದ ಬಟ್ಟೆಗೂ ಒಪ್ಪಿಗೆ ಕೊಟ್ಟರು. ಮರುವರ್ಷ ಮನೆಮನೆಯಲ್ಲೂ ಬಾವುಟ ಹಾರಿಸುವ 'ಹರ್ ಘರ್ ತಿರಂಗಾ' ಅಭಿಯಾನ ಬಂತು. ದೇಶಕ್ಕೆಲ್ಲ ಕೋಟಿಗಟ್ಟಲೆ ಬಾವುಟ ಬೇಕಾದಾಗ ಸೂರತ್ತಿನ ಮಿಲ್ಲುಗಳು ಹಗಲು ರಾತ್ರಿ ಓಡಿದವು, ಬೆಂಗೇರಿಯವರು ಪಾಲಿಯೆಸ್ಟರ್ ಬಾವುಟ ಬೇಡ ಅಂತ ಧರಣಿ ಕೂರಬೇಕಾಯಿತು. ಕೈಯಿಂದ ನೇಯ್ದ ಬಟ್ಟೆ ರೇಟಿನಲ್ಲಿ ಪಾಲಿಯೆಸ್ಟರ್ ಜೊತೆ ಹೇಗೆ ಪೈಪೋಟಿ ಮಾಡೀತು ಹೇಳಿ. ಮನೆಗಳ ಮೇಲೆ ಯಾವ ಬಾವುಟ ಬೇಕಾದರೂ ಹಾರಲಿ. ರಾಜ್ಯದ ಶಾಲೆ, ಪಂಚಾಯಿತಿ, ಕಚೇರಿಗಳಿಗಾದರೂ ಬೆಂಗೇರಿಯದ್ದನ್ನೇ ಕೊಳ್ಳಬೇಕು ಅಂತ ಸರ್ಕಾರ ಆದೇಶ ಮಾಡಲಿ. ಆರ್ಡರನ್ನೂ ಆಗಸ್ಟ್ ಹತ್ತಿರ ಬಂದಾಗ ಅಲ್ಲ, ವರ್ಷದ ಮೊದಲೇ ಕೊಡಲಿ, ಆಗ ಅವರಿಗೆ ಹನ್ನೆರಡು ತಿಂಗಳೂ ಕೂಲಿ ಸಿಗುತ್ತದೆ.